ಗಂಟು ಕೊಟ್ಟ ದಿನ

ಹಸ್ತಪ್ರತಿ ಓದುವ ಕೆಲಸವೆಂದರೆ ಕುರ್ಚಿಯಲ್ಲಿ ಕಾಲು ಚಾಚಿ ಕಥೆ ಓದುವುದು ಎಂದು ತಿಳಿದೇ ಹಲವರು ಈ ಕೆಲಸಕ್ಕೆ ಬರುತ್ತಾರೆ. ಕಳೆದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ರಾಮತೀರ್ಥ ನಗರದ ನಮ್ಮ ಮನೆಗೆ ಬಂದು, ಪತ್ತೇದಾರಿ ಕಾದಂಬರಿಯ ಗುಣದೋಷ ಹೇಗೆ ನೋಡಬೇಕು ಹೇಳಿಕೊಡಿ ಎಂದು ಕೇಳಿದರು. ಹೇಳಿಕೊಡುವಂಥ ವಿದ್ಯೆ ನನ್ನ ಬಳಿ ಬಹಳ ಇಲ್ಲ. ಮಾಡಿದ ತಪ್ಪುಗಳು ಬೇಕಾದಷ್ಟಿವೆ. ಅವುಗಳಲ್ಲಿ ಒಂದು ಈಗಲೂ ನನ್ನನ್ನು ಬಿಟ್ಟಿಲ್ಲ. ಆ ಹುಡುಗರ ಎದುರು ಬಾಯಿಬಿಟ್ಟು ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲು ಸಾಲಿ ಮಾಸ್ತರ. ಹೆಡ್ ಮಾಸ್ತರರ ಜೊತೆ ಜಗಳ ಕಾಯ್ದು ನೌಕರಿ ಬಿಟ್ಟೆ. ಎಪ್ಪತ್ತರ ದಶಕದ ನಡುವಿನಲ್ಲಿ ಬೆಳಗಾವಿ ಪೇಟೆಯ ಒಂದು ಪ್ರಕಾಶನಕ್ಕೆ ಬಂದು ಬಿದ್ದೆ. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದೆ ಛಾಪಖಾನೆ, ನಡುವೆ ಒಂದು ಮೇಜಿನ ಮೇಲೆ ನಾನು. ತಿಂಗಳಿಗೊಂದು ಪತ್ತೇದಾರಿ ಕಾದಂಬರಿ ಹೊರಡುತ್ತಿತ್ತು. ಬಂದ ಪ್ರತಿಯೊಂದು ಹಸ್ತಪ್ರತಿಯನ್ನೂ ಓದಿ ಒಂದು ಚೀಟಿ ಬರೆಯಬೇಕು. ಚೀಟಿಯ ನಡುವೆ ಒಂದು ಗೆರೆ, ಎಡಕ್ಕೆ ಗುಣ, ಬಲಕ್ಕೆ ದೋಷ. ನಮ್ಮ ಮಾಲಕರು ರುದ್ರಪ್ಪನವರು ಬಲಗಡೆಯನ್ನಷ್ಟೇ ಓದುತ್ತಿದ್ದರು.

ಅವರು ನಮ್ಮ ಪುಸ್ತಕಗಳಿಗೆ ‘ಚಹಾದ ಕಾದಂಬರಿ’ ಎಂದು ಹೆಸರಿಟ್ಟಿದ್ದರು. ನಾನು ಸೇರಿದ ದಿನವೇ ಎದುರಿಗೆ ಕೂರಿಸಿಕೊಂಡು ಹೇಳಿದರು:

“ಮಾಸ್ತರ್ರ, ನಮ್ಮ ಪುಸ್ತಕ ಓದಾವ್ರು ಯಾರು? ಮಧ್ಯಾಹ್ನ ಮನಿ ಕೆಲಸಾ ಮುಗಿಸಿ, ಒಂದ ಕಪ್ಪ ಚಹಾ ಹಿಡ್ಕೊಂಡು ಕುಂದ್ರೂ ಹೆಣ್ಮಕ್ಕಳು. ಹೆಣ ಬೀಳ್ಲಿ, ಬ್ಯಾಡನ್ನಂಗಿಲ್ಲ. ಆದ್ರ ಅವ್ರಿಗೆ ಚಹಾ ಕುಡ್ಯಾಕ ಹೇಸಿಗಿ ಬರಬಾರ್ದು. ಕಡೀ ಪುಟದಾಗ ಎಲ್ಲಾರೂ ಕೂಡಿ ನಗಬೇಕು. ತಿಳೀತಿಲ್ಲೊ?”

ತಿಳಿಯಿತು. ಚಹಾದ ಕಾದಂಬರಿಯಲ್ಲಿ ಪತ್ತೆ ಹಚ್ಚುವವರು ಪೊಲೀಸರಲ್ಲ. ಪಿಂಚಣಿದಾರ ಪೋಸ್ಟ್‌ಮಾಸ್ತರ, ಸೂಲಗಿತ್ತಿ, ಕಿರಾಣಿ ಅಂಗಡಿಯವನು, ಇಂಥವರು. ಈ ಜಾತಿಯ ಕಾದಂಬರಿಯ ದೊಡ್ಡ ಗುಣವೇ ಅದು. ಖಾಕಿ ಹಾಕಿದವನು ಬಾಗಿಲಲ್ಲಿ ನಿಂತರೆ ಮನೆ ಬಾಯಿ ಮುಚ್ಚುತ್ತದೆ. ಸೂಲಗಿತ್ತಿ ನೆಟ್ಟಗೆ ಅಡುಗೆಮನೆಗೆ ಹೋಗುತ್ತಾಳೆ. ಉಪ್ಪಿನಕಾಯಿ ಭರಣಿ ಎಲ್ಲಿತ್ತು, ಎಲ್ಲಿಗೆ ಸರಿಯಿತು ಎಂಬುದು ಆಕೆಗೆ ಗೊತ್ತು. ಚೆನ್ನಾಗಿ ಬರೆದರೆ ಓದುವ ಹೆಣ್ಣುಮಗಳಿಗೆ, ಇಷ್ಟು ನನಗೂ ಗೊತ್ತಾಗುತ್ತಿತ್ತಲ್ಲ ಎನಿಸುತ್ತದೆ.

ದೋಷಗಳೂ ಬೇಕಾದಷ್ಟು. ಪತ್ತೇದಾರ ಕೇಳಿದ್ದಕ್ಕೆಲ್ಲ ಊರು ಉತ್ತರ ಕೊಡುತ್ತದೆ. ಪೊಲೀಸ್ ಫೌಜದಾರ ಶುದ್ಧ ದಡ್ಡನಾಗಿರುತ್ತಾನೆ. ಕೊಲೆಗಾರ ಕೊನೆಯ ಅಧ್ಯಾಯದಲ್ಲಿ ತಾನಾಗಿಯೇ ಎದ್ದು ನಿಂತು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಉದ್ಯಮಬಾಗದ ಫೌಂಡ್ರಿಯೊಂದರ ಕಾರಕೂನ ಒಬ್ಬ ಬಸ್ ಕಂಡಕ್ಟರನನ್ನು ಪತ್ತೇದಾರ ಮಾಡಿ ಬರೆದು ತಂದಿದ್ದ. ಕಂಡಕ್ಟರ್ ಉದ್ಯಮಬಾಗದ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿ ಮೂರು ಅಧ್ಯಾಯ ವಿಚಾರಣೆ ಮಾಡುತ್ತಾನೆ. ‘ಪಾಳಿಗೆ ಹೊತ್ತಾದ ಐವತ್ತು ಮಂದಿ ಮೂರು ಅಧ್ಯಾಯ ಸುಮ್ಮನೆ ಕೂತಿದ್ದರೆ ಅವರು ಬೆಳಗಾವಿಯವರಲ್ಲ’ ಎಂದು ಚೀಟಿ ಬರೆದೆ. ಮಾಲಕರು ಅದನ್ನು ಬಂದವರಿಗೆಲ್ಲ ಓದಿ ತೋರಿಸಿ ನಕ್ಕರು. ನನ್ನ ತಲೆ ತಿರುಗಲು ಅಲ್ಲಿಂದ ಶುರುವಾಯಿತು.

ಹಾಗೆಂದು ನನ್ನ ಕಣ್ಣಿಗೆ ಎಲ್ಲ ಬೀಳುತ್ತಿತ್ತು ಎಂದಲ್ಲ. ಐದನೇ ಅಧ್ಯಾಯದಲ್ಲಿ ಸತ್ತ ದೇಸಾಯಿ ಹನ್ನೆರಡನೆಯದರಲ್ಲಿ ಜಗುಲಿಯ ಮೇಲೆ ಕೂತು ಅವಲಕ್ಕಿ ತಿಂದದ್ದು ಅಚ್ಚಾಗಿ ಹೋಯಿತು. ‘ದೇಸಾಯರಿಗೆ ಮೊಸರು ಬೇಕಿತ್ತೇನು ಕೇಳಿರಿ’ ಎಂದು ಓದುಗರೊಬ್ಬರು ಕಾರ್ಡು ಬರೆದಿದ್ದರು. ಆ ದಿನದಿಂದ ಮಾಲಕರು ನನಗೆ ಎರಡು ಅಧಿಕಾರ ಕೊಟ್ಟರು. ಒಂದು, ಕೆಂಪು ಶಾಯಿಯ ಪೆನ್ನು. ಎರಡು, ಲೇಖಕರನ್ನು ಕೇಳದೆ ಮೂಲಪ್ರತಿಯ ಮೇಲೆಯೇ ತಿದ್ದುವ ಹಕ್ಕು. ತಿದ್ದಿದ ಹಾಳೆಗಳನ್ನು ನಾಲ್ಕು ಜನ ಅಚ್ಚುಮೊಳೆ ಜೋಡಿಸುವವರು ಹಂಚಿಕೊಳ್ಳುತ್ತಿದ್ದರು. ಜೋಡಿಸಿ ಮುಗಿದ ಹಾಳೆ ಅಲ್ಲೇ ಮಸಿ ಒರೆಸಲು ಹೋಗುತ್ತಿತ್ತು. ಪುಸ್ತಕ ಹೊರಬರುವ ಹೊತ್ತಿಗೆ ಮೂಲಪ್ರತಿ ಎಂಬುದೇ ಉಳಿಯುತ್ತಿರಲಿಲ್ಲ. ಯಾರಿಗೂ ಅದು ತಪ್ಪೆನಿಸಿರಲಿಲ್ಲ, ನನಗಂತೂ ಅನಿಸಿರಲೇ ಇಲ್ಲ.

ಸೋನಾಬಾಯಿ ಬಂದದ್ದು ಈ ದಿನಗಳಲ್ಲಿ. ಖಾನಾಪುರದ ಆಚೆಯ ಒಂದು ಹಳ್ಳಿಯವಳು, ಐವತ್ತರ ಹತ್ತಿರದ ವಯಸ್ಸು. ಮನೆಮನೆಗೆ ಹಳೆ ಬಟ್ಟೆಯ ಹೊದಿಕೆ, ಅಂದರೆ ಕೌದಿ, ಹೊಲಿದುಕೊಡುವುದು ಅವಳ ಕೆಲಸ. ಸೆರಗಿನ ಅಂಚಿನಲ್ಲಿ ದೊಡ್ಡ ಸೂಜಿ ಚುಚ್ಚಿಕೊಂಡೇ ಬಂದಿದ್ದಳು. ಚೀಲದಿಂದ ನಾಲ್ಕು ನೋಟುಬುಕ್ಕು ತೆಗೆದು ಮೇಜಿನ ಮೇಲಿಟ್ಟಳು.

“ಮನ್ಯಾಗ ಮಾತಾಡೂದು ಮರಾಠಿ ರೀ. ಸಾಲಿ ಕಲ್ತದ್ದು ಕನ್ನಡ, ಏಳನೇತ್ತೆ ಮಟಾ. ತಪ್ಪಿದ್ರ ತಿದ್ರಿ. ನಿಮ್ಮ ಪುಸ್ತಕಾ ನಮ್ಮ ಕಡೆ ಭಾಳ ಮಂದಿ ಓದ್ತಾರ.”

ಓದಿದೆ. ಅವಳ ಪತ್ತೇದಾರಿಣಿ ಯಮುನಕ್ಕ, ಸೋನಾಬಾಯಿಯ ಹಾಗೆಯೇ ಕೌದಿ ಹೊಲಿಯುವವಳು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಪ್ರತಿ ಮನೆಯವರೂ ಉಟ್ಟು ಹಳತಾದ ಸೀರೆ, ಧೋತರ ಗಂಟು ಕಟ್ಟಿ ಕೌದಿಗೆ ಕೊಡುತ್ತಾರೆ. ಆ ಗಂಟು ಬಿಚ್ಚಿದರೆ ಮನೆಯ ಒಂದು ವರ್ಷದ ಸುದ್ದಿ ಅದರಲ್ಲಿರುತ್ತದೆ. ಕಾದಂಬರಿಯಲ್ಲಿ ಒಂದು ಮನೆಯ ಸೊಸೆ ಹಿತ್ತಲ ಬಾವಿಯಲ್ಲಿ ಬಿದ್ದು ಸಾಯುತ್ತಾಳೆ. ಕಾಲು ಜಾರಿತು ಎಂದು ಎಲ್ಲರೂ ನಂಬುತ್ತಾರೆ. ಯಮುನಕ್ಕನಿಗೆ ಮಾತ್ರ ಒಂದು ಸಂಗತಿ ಕಾಡುತ್ತದೆ. ಆ ಮನೆಯ ಅತ್ತೆ ಕಳಿಸಿದ ಗಂಟಿನಲ್ಲಿ ಸೊಸೆಯ ಮೂರು ಸೀರೆಗಳಿದ್ದವು, ಅಂಗಡಿಯ ಮಡಿಕೆ ಕೂಡ ಬಿಚ್ಚಿರದ ಸೀರೆಗಳು. ಆ ಗಂಟು ಬಂದದ್ದು ಸೊಸೆ ಸಾಯುವ ಹಿಂದಿನ ದಿನ. ಬದುಕಿರುವ ಸೊಸೆಯ ಹೊಸ ಸೀರೆಗಳನ್ನು ಹರಿದು ಕೌದಿ ಮಾಡಿರೆಂದು ಅತ್ತೆ ಏಕೆ ಕೊಟ್ಟಳು? ನಾಳೆಯಿಂದ ಅವನ್ನು ಉಡುವವಳು ಇರುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು.

ಇಂಥ ಸುಳಿವನ್ನು ನಾನು ಇಷ್ಟು ವರ್ಷದಲ್ಲಿ ಇನ್ನೊಂದು ಕಂಡಿಲ್ಲ. ಆದರೆ ಅಂದು ನಾನು ಬರೆದ ಚೀಟಿ ಹೀಗಿತ್ತು. ಗುಣ: ಪತ್ತೇದಾರಿಣಿ ಹೊಸಬಳು, ಎಲ್ಲ ಮನೆಗಳ ಒಳಗೆ ಹೋಗಬಲ್ಲಳು, ಭಾಷೆ ಸರಳ. ದೋಷ: ಸತ್ತವಳಿಗಾಗಿ ಅಳುವ ಪುಟಗಳು ಹೆಚ್ಚಾಗಿವೆ, ತೆಗೆಯಬೇಕು. ಗಂಟು ಕೊಟ್ಟ ದಿನ ನಂಬುವಂತಿಲ್ಲ, ಕೊಲೆ ಮಾಡುವವಳು ಇಷ್ಟು ದಡ್ಡಳಿರಲಾರಳು. ಗಂಟನ್ನು ಹದಿಮೂರನೇ ದಿನದ ನಂತರ ಕೊಟ್ಟಳೆಂದು ಮಾಡಬೇಕು. ಸುಳಿವಿಗೆ ಬಾವಿ ಕಟ್ಟೆಯ ಮೇಲೆ ಒಡೆದ ಬಳೆಗಳು ಸಾಕು.

ಸೋನಾಬಾಯಿಯನ್ನು ಕರೆಸಿ ಇದನ್ನೇ ಹೇಳಿದೆ. ಉಳಿದದ್ದಕ್ಕೆಲ್ಲ ತಲೆಯಾಡಿಸಿದಳು. ಗಂಟಿನ ಮಾತು ಬಂದಾಗ ತಲೆ ಎತ್ತಿದಳು.

“ಅದೊಂದ ಬಿಡ್ರಿ ಮಾಸ್ತರ್ರ. ಹಿಂದಿನ ದಿನಾನ ಕೊಟ್ಟಿದ್ದು.”

“ಯಾಕ ಕೊಟ್ಲವಾ? ಕೊಲ್ಲಾಕಿ ಅಷ್ಟ ಅವಸರಾ ಮಾಡತಾಳೇನು?”

“ಸೊಸಿ ಸತ್ತ ಮ್ಯಾಲ ತವರ ಮನಿಯವ್ರು ಬಂದು, ನಾವ್ ಕೊಟ್ಟ ಸೀರಿ ಕೊಡ್ರಿ ಅಂತಾರ್ರಿ. ಹರದು ಕೌದಿ ಮಾಡಿಬಿಟ್ರ ಏನ್ ಕೇಳ್ತಾರ? ಆ ಮುದುಕಿಗೆ ಜೀವಾ ತಗೀಲಿಕ್ಕೆ ಏನೂ ಅನ್ನಿಸಿಲ್ಲ. ಸೀರಿ ಬಿಟ್ಟಕೊಡಾಕ ಮನಸಾಗಿಲ್ಲ.”

“ಕಥ್ಯಾಗ ಹಂಗ ನಡ್ಯಾಂಗಿಲ್ಲ.”

“ಖರೇನ ಹಂಗ ಆಗೇತ್ರೀ.”

ಇಲ್ಲಿ ನಿಲ್ಲಿರಿ ಹುಡುಗರೇ. ನನ್ನ ತಪ್ಪು ಇಲ್ಲಿದೆ. ಸೋತ ಲೇಖಕರೆಲ್ಲರೂ ನಮ್ಮ ಮುಂದೆ ಆಡುವ ಕೊನೆಯ ಮಾತು ‘ಇದು ಖರೇ ನಡೆದದ್ದು’ ಎಂಬುದೇ. ನೂರು ಸಲ ಕೇಳಿದ್ದೆ. ನೂರು ಸಲವೂ ಒಂದೇ ಉತ್ತರ ಕೊಟ್ಟಿದ್ದೆ. ಬಾಯಿಪಾಠದಂತೆ ಆಕೆಗೂ ಅದನ್ನೇ ಹೇಳಿದೆ: “ನಡದಿರಬಹುದವಾ. ಆದ್ರ ನಂಬೂವಂಗ ಇರಬೇಕಲ್ಲ.” ಎಲ್ಲಿ ನಡೆಯಿತು, ಯಾರ ಮನೆಯಲ್ಲಿ, ನಿನಗೆ ಹೇಗೆ ಗೊತ್ತು ಎಂದು ಒಂದು ಮಾತು ಕೇಳಲಿಲ್ಲ. ಅವಳು ಸೆರಗಿನ ಸೂಜಿಯನ್ನು ತೆಗೆದು ಮತ್ತೆ ಅಲ್ಲಿಯೇ ಚುಚ್ಚಿಕೊಂಡಳು. “ನೋಡ್ತೇನಿ” ಎಂದೆ. ಅವಳು ಖಾನಾಪುರದ ಗಾಡಿಗೆ ಹೊತ್ತಾಯಿತೆಂದು ಎದ್ದು ಹೋದಳು. ಅದೇ ಸಂಜೆ ಕೆಂಪು ಪೆನ್ನು ತೆಗೆದು ‘ಹಿಂದಿನ ದಿನ’ ಎಂಬುದನ್ನು ಹೊಡೆದು ‘ಹದಿಮೂರನೇ ದಿನ ಕಳೆದ ಮೇಲೆ’ ಎಂದು ಬರೆದೆ. ಒಡೆದ ಬಳೆಗಳ ಮೇಲೆ ಅರ್ಧ ಪುಟ ನಾನೇ ಬರೆದು ಸೇರಿಸಿದೆ. ಚೆನ್ನಾಗಿ ಬರೆದೆ ಎಂದು ನನಗೆ ಹೆಮ್ಮೆ ಕೂಡ ಆಯಿತು.

ಪುಸ್ತಕ ಬಂತು, ಪ್ರತಿಗಳು ಬೇಗ ಖಾಲಿಯಾದವು. ಕೊನೆಯ ಪುಟದಲ್ಲಿ ಯಮುನಕ್ಕ ಪಂಚರ ಮುಂದೆ ಎಲ್ಲವನ್ನೂ ಬಿಡಿಸಿ ಹೇಳುತ್ತಾಳೆ, ಅತ್ತೆ ಒಪ್ಪಿಕೊಳ್ಳುತ್ತಾಳೆ, ಊರಿನ ಹೆಂಗಸರು ಯಮುನಕ್ಕನ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಾರೆ. ಮಾಲಕರು ನನ್ನ ಬೆನ್ನು ತಟ್ಟಿದರು.

ಎರಡು ತಿಂಗಳ ನಂತರ, ಯುಗಾದಿ ಮುಗಿದ ಮೇಲೆ, ಸೋನಾಬಾಯಿ ಮತ್ತೆ ಬಂದಳು. ಗೌರವಪ್ರತಿಗೆ ಬಂದಿರಬೇಕು ಎಂದುಕೊಂಡು, “ಬರ್ರಿ, ಕುಂದರ್ರಿ” ಎಂದೆ. ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದಳು.

ಆ ಸೊಸೆ ಕಥೆಯವಳಲ್ಲ. ಸೋನಾಬಾಯಿಯ ಓಣಿಯ ಹುಡುಗಿ, ಶಾಂತಾ ಎಂದು ಹೆಸರು. ಗಂಟು ಬಂದದ್ದು ಸೋನಾಬಾಯಿಯ ಮನೆಗೇ. ಮರುದಿನ ಶಾಂತಾಳ ಹೆಣ ಬಾವಿಯಲ್ಲಿ ಸಿಕ್ಕಿತು. ಪಂಚನಾಮೆಯಾಯಿತು. ಕೌದಿ ಹೊಲಿಯುವವಳನ್ನು ಯಾರೂ ಏನೂ ಕೇಳಲಿಲ್ಲ. ಅವಳೂ ಬಾಯಿ ಬಿಡಲಿಲ್ಲ. ದೊಡ್ಡ ಮನೆ, ಒಂದು ಮಾತು ಆಡಿದ್ದರೆ ಊರಿನಲ್ಲಿ ಒಂದು ಗಂಟೂ ಅವಳಿಗೆ ಬರುತ್ತಿರಲಿಲ್ಲ. ಅಂಜಿಕೊಂಡು ಆ ಮೂರು ಸೀರೆಗಳನ್ನು ಹರಿದು ಕೌದಿ ಹೊಲಿದುಕೊಟ್ಟಳು. ಯಮುನಕ್ಕ ಪಂಚರ ಮುಂದೆ ನಿಂತು ಆಡಿದ ಮಾತುಗಳೆಲ್ಲ ಸೋನಾಬಾಯಿ ಆಡಲಾರದೆ ನುಂಗಿಕೊಂಡವು.

ವರ್ಷ ಕಳೆಯಿತು. ಅದೇ ಮನೆಯವರು ಮಗನಿಗೆ ಇನ್ನೊಂದು ಹೆಣ್ಣು ಗೊತ್ತು ಮಾಡಿದರು. ಹಲಸಿ ಊರಿನ ನಿಂಗಪ್ಪನ ಮಗಳು, ಕಸ್ತೂರಿ. ಆಗ ಸೋನಾಬಾಯಿಗೆ ನಿದ್ದೆ ಹತ್ತಲಿಲ್ಲ. ಹಲಸಿಯಲ್ಲಿ ಆ ಹುಡುಗಿಯ ಚಿಕ್ಕಮ್ಮ ನಮ್ಮ ಪುಸ್ತಕ ತಪ್ಪದೆ ಓದುವವಳು ಎಂದು ಅವಳಿಗೆ ಗೊತ್ತಿತ್ತು. ಬಾಯಿಂದ ಹೇಳಿದರೆ ಯಾರು ನಂಬುತ್ತಾರೆ, ಅಚ್ಚಿನಲ್ಲಿ ಬಂದರೆ ನಂಬುತ್ತಾರೆ ಎಂದು ಆ ನಾಲ್ಕು ನೋಟುಬುಕ್ಕು ತುಂಬಿಸಿದ್ದಳು.

“ಓದಿದ್ರು ರೀ,” ಎಂದಳು. “ಓದಿ ಆ ನಿಂಗಪ್ಪ ನಮ್ಮ ಮನೀಗೆ ಬಂದಾ. ಇದು ಆ ಮನಿ ಕಥೀನ ಏನವಾ ಅಂತ ಕೇಳ್ದಾ. ನಾ ಧೈರ್ಯಾ ಮಾಡಿ ಹೌದಂದೆ. ಸಾಯೂ ಹಿಂದಿನ ದಿನಾ ಗಂಟ ಬಂದಿತ್ತು ಅಂದೆ. ಅಂವಾ ಪುಸ್ತಕಾ ತಗದು ಆ ಸಾಲಿನ ಮ್ಯಾಲ ಬಟ್ಟ ಇಟ್ಟ ತೋರ್ಸಿದಾ. ‘ಇಲ್ಲಿ ಹದಿಮೂರನೇ ದಿನದ ಮ್ಯಾಲ ಅಂತ ಐತಿ. ಸತ್ತವರ ಅರಿವಿ ಕೊಡೂದು ಎಲ್ಲಾ ಮನ್ಯಾಗೂ ಐತಿ. ಬರದದ್ದ ಒಂದ, ಬಾಯಾಗ ಒಂದ ಹೇಳತಿ. ಮಂದಿ ಮನಿ ಯಾಕ ಮುರೀತಿ?’ ಅಂದಾ.”

ನಾನು ಕಪಾಟಿನಿಂದ ಪುಸ್ತಕ ತೆಗೆದು ಆ ಪುಟ ಹುಡುಕಿದೆ.

“ಬಳಿ ಒಡದಿದ್ದು ಐತಿ ಅಂತ ಬರ್ದೀರಲ್ಲ, ಅದೂ ಸುಳ್ಳ ಅಂತ ಅವಗ ಗೊತ್ತೈತಿ. ಆ ಮನಿ ಬಳಗದಾಂವಾ, ಹೆಣಾ ನೋಡಾಕ ಬಂದಿದ್ದಾ. ಬಳಿ ನೆಟ್ಟಗ ಇದ್ದೂ ಅಂದಾ.” ಅವಳು ಮೇಜಿನ ಅಂಚು ಹಿಡಿದುಕೊಂಡಳು. “ಮಾಸ್ತರ್ರ, ನೀವ್ ಒಂದ್ಸಲ ಹಲಸೀಗೆ ಬರ್ರಿ. ‘ನಾನ ತಿದ್ದೀನಿ, ಈಕಿ ಬರದದ್ದು ಬ್ಯಾರೆ ಇತ್ತು’ ಅಂತ ಒಂದ ಮಾತ ಹೇಳ್ರಿ ಸಾಕು. ಲಗ್ನಕ್ಕ ಇನ್ನ ಇಪ್ಪತ್ತ ದಿನಾ ಐತಿ.”

ನಾನು ಮಾಲಕರ ಮುಖ ನೋಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ನಾವು ಕಥಿ ಅಚ್ಚ ಹಾಕವ್ರು, ಸಾಕ್ಷಿ ಹೇಳವ್ರಲ್ಲ,” ಎಂದರು. “ದೊಡ್ಡ ಮಂದಿ ನಮ್ಮ ಮ್ಯಾಲ ದಾವೆ ಹಾಕಿದ್ರ ಛಾಪಖಾನಿ ಮುಚ್ಚಬೇಕಾದೀತು.” ಅವರ ಮೇಲೆ ತಪ್ಪು ಹೊರಿಸಿ ನಾನು ಪಾರಾಗಬಹುದು. ಆದರೆ ಅವರು ನನ್ನ ಕಾಲು ಕಟ್ಟಿಹಾಕಿರಲಿಲ್ಲ. ರವಿವಾರ ರಜೆ ಇತ್ತು, ಬಸ್ಸು ಇತ್ತು. ನಾನು ಸೋನಾಬಾಯಿಗೆ, “ಮೂಲಪ್ರತಿ ಇಲ್ಲವಾ, ಮಸಿ ಒರಸಾಕ ಹೋಗೇತಿ. ಅಲ್ಲಿ ಬಂದು ಏನ್ ತೋರಸ್ಲಿ?” ಎಂದೆ.

“ಕಾಗದ ಯಾಕ್ರಿ? ನಿಮಗ ಬಾಯಿ ಐತಲ್ಲ.”

“ಈ ತಿಂಗಳದ ಪುಸ್ತಕ ಹೊರಗ ಬೀಳ್ಲಿ. ಮುಂದಿನ ವಾರ ಬರ್ತೇನಿ.”

ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಪ್ರೂಫು ಇತ್ತು, ನೆಗಡಿ ಇತ್ತು, ನೆಂಟರು ಇದ್ದರು. ಖರೆ ಹೇಳಬೇಕೆಂದರೆ, ಯಾರದೋ ಮನೆಯ ಪಡಸಾಲೆಯಲ್ಲಿ ನಿಂತು ‘ನಾನು ತಿದ್ದಿದ್ದು ತಪ್ಪು’ ಎಂದು ಹೇಳಲು ನನಗೆ ನಾಚಿಕೆಯಾಯಿತು. ಚೀಟಿ ಬರೆದು ಹೆಸರಾದವನು ನಾನು. ಲಗ್ನದ ದಿನ ಗೋಡೆಯ ಕ್ಯಾಲೆಂಡರ್ ನೋಡಿದೆ. ಆಯಿತು, ಇನ್ನು ನನ್ನ ಕೈಯಲ್ಲಿ ಏನಿದೆ ಎಂದುಕೊಂಡೆ. ಆ ದಿನ ಮನೆಯಲ್ಲಿ ಮಾವಿನಹಣ್ಣಿನ ಸೀಕರಣೆ ಮಾಡಿದ್ದರು, ಎರಡು ಸಲ ಹಾಕಿಸಿಕೊಂಡು ಉಂಡೆ.

ಮುಂದೆ ಎಂಬತ್ತರ ದಶಕದ ಕೊನೆಗೆ ಕೆಲಸದ ರೀತಿಯೇ ಬದಲಾಯಿತು. ಮೊಳೆಗಳು ಹೋದವು, ಆಫ್‌ಸೆಟ್ ಬಂತು, ಝೆರಾಕ್ಸ್ ಬಂತು. ಲೇಖಕರ ಪ್ರತಿ ಕಪಾಟಿನಲ್ಲಿ ಉಳಿಯತೊಡಗಿತು. ಯಂತ್ರ ಬರುವ ಮುಂಚೆಯೇ ನಾನು ಒಂದು ಬದಲಾವಣೆ ಮಾಡಿಕೊಂಡಿದ್ದೆ. ನನ್ನ ಚೀಟಿಯಲ್ಲಿ ಗುಣ, ದೋಷ ಎಂಬ ಎರಡು ಮನೆಗಳ ಬದಲು ಮೂರಾದವು. ಮೂರನೆಯದರ ಮೇಲೆ ‘ಲೇಖಕರನ್ನು ಕೇಳಿದ್ದು’ ಎಂದು ಬರೆಯುತ್ತಿದ್ದೆ. ನಂಬಲಾಗದ ಸಂಗತಿ ಕಂಡಾಗ, ಇದು ನಿಮಗೆ ಹೇಗೆ ಗೊತ್ತು ಎಂದು ಕೇಳಿ, ಉತ್ತರ ಬರೆದುಕೊಂಡು, ಆಮೇಲೆ ಪೆನ್ನು ಎತ್ತುತ್ತಿದ್ದೆ. ಹೆಚ್ಚಿನವರು ಕಟ್ಟಿದ ಕಥೆಯನ್ನೇ ಹೇಳುತ್ತಿದ್ದರು. ಆದರೂ ಕೇಳುತ್ತಿದ್ದೆ. ನೀವೂ ಕೇಳಿರಿ. ಇನ್ನೊಂದು ಮಾತು: ಸತ್ತವರಿಗಾಗಿ ಅಳುವ ಪುಟಗಳನ್ನು ಆಮೇಲೆ ನಾನು ಎಂದೂ ಹೊಡೆಯಲಿಲ್ಲ. ಮೂವತ್ತನೇ ಪುಟಕ್ಕೆ ಸತ್ತವಳನ್ನು ಎಲ್ಲರೂ ಮರೆತುಬಿಡುವುದೇ ಚಹಾದ ಕಾದಂಬರಿಯ ಎಲ್ಲಕ್ಕಿಂತ ದೊಡ್ಡ ದೋಷ. ಅದನ್ನು ನಾನು ಎಷ್ಟೋ ವರ್ಷ ಗುಣದ ಕಡೆ ಬರೆದಿದ್ದೆ.

ಈ ಮೂರನೇ ಮನೆ ನನ್ನ ಚೀಟಿಯಲ್ಲಿ ಬಂದದ್ದು ಸೋನಾಬಾಯಿ ಕೊನೆಯ ಸಲ ಬಂದುಹೋದ ಮೇಲೆ. ಲಗ್ನವಾಗಿ ವರ್ಷ ತುಂಬಿರಲಿಲ್ಲ. ಮಧ್ಯಾಹ್ನದ ಹೊತ್ತು, ಹಿಂದಿನ ಕೋಣೆಯಲ್ಲಿ ಯಂತ್ರ ನಡೆದಿತ್ತು. ಅವಳು ಬಂದು ಒಂದು ಗಂಟನ್ನು ನನ್ನ ಮೇಜಿನ ಮೇಲೆ, ತಿದ್ದುತ್ತಿದ್ದ ಹಾಳೆಗಳ ಮೇಲೆಯೇ ಇಟ್ಟಳು. ಗಂಟು ಬಿಚ್ಚಿದಳು. ಎರಡು ಹೊಸ ಸೀರೆ. ಒಂದು ಹಸಿರು, ಇನ್ನೊಂದು ಅರಿಷಿಣ ಬಣ್ಣದ್ದು. ಅಂಗಡಿಯ ಮಡಿಕೆ ಹಾಗೆಯೇ ಇತ್ತು.

“ಯಾರವು?” ಎಂದು ಕೇಳಿದೆ. ಕೇಳುವ ಮೊದಲೇ ಗೊತ್ತಾಗಿತ್ತು.

“ಕಸ್ತೂರೀವು. ಅದ ಬಾವಿ. ಕಾಲ ಜಾರಿತಂತ.”

 ತಡವರಿಸಿ, “ಗಂಟ ಯಾವಾಗ ಬಂತು? ಹಿಂದಿನ ದಿನಾನ ಬಂದಿದ್ರ ಈ ಸಲ ಬಿಡೂದು ಬ್ಯಾಡ, ನಾ ಬರ್ತೇನಿ” ಎಂದೆ.

“ಇಲ್ರಿ. ನಿನ್ನೆ ಹದಿಮೂರ ಆತು. ಇವತ್ತ ಮುಂಜಾನೆ ಕಳಿಸ್ಯಾರ.” ಸೀರೆಯ ಮಡಿಕೆಯ ಮೇಲೆ ಕೈಯಾಡಿಸಿದಳು. “ಆ ಮುದುಕಿ ನಿಮ್ಮ ಪುಸ್ತಕಾ ಮಂದಿ ಕಡಿಂದ ಓದಿಸಿ ಕೇಳ್ಯಾಳಂತ್ರಿ. ಬಾವಿ ಕಟ್ಟಿ ಮ್ಯಾಲ ಒಂದ ಬಳಿ ಚೂರ ಸಿಗದಂಗ ಗುಡಿಸಿದ್ರು. ಈ ಸಲ ಏನೂ ತಪ್ಪಿಲ್ಲ. ನೋಡ್ರಿ ಮಾಸ್ತರ್ರ, ಎಲ್ಲಾ ನಂಬೂವಂಗ ಐತಿ.”

ದೂರು, ಹೇಳಿಕೆ ಎಲ್ಲ ಆಮೇಲೆ ಆದವು. ಪೊಲೀಸರು ಮೂಲಪ್ರತಿ ತೋರಿಸಿ ಎಂದರು. ತೋರಿಸಲು ಏನೂ ಇರಲಿಲ್ಲ, ಏನೂ ಸಾಬೀತಾಗಲಿಲ್ಲ. ಆದರೆ ಅದಕ್ಕೂ ಮೊದಲು, ಮರುದಿನ ಮುಂಜಾನೆ, ಸೋನಾಬಾಯಿ ಬಿಟ್ಟುಹೋದ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಾನು ಹಲಸಿಯ ಬಸ್ಸು ಹತ್ತಿದೆ. ಖಾನಾಪುರದಲ್ಲಿ ಬಸ್ಸು ಬದಲಿಸಿದ್ದನ್ನೂ ಸೇರಿಸಿ ಮಧ್ಯಾಹ್ನದ ಊಟಕ್ಕೆ ಮುಂಚೆ ಅಲ್ಲಿದ್ದೆ. ನಿಂಗಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ನಾನು ನಿಂತೇ ಹೇಳಿದೆ. ಸೋನಾಬಾಯಿ ಬರೆದದ್ದು ಹಿಂದಿನ ದಿನ ಎಂದು, ನಾನು ಅದನ್ನು ಹೊಡೆದು ಹಾಕಿದೆ ಎಂದು, ಬಳೆಯ ಮಾತು ನನ್ನದೇ ಎಂದು, ಒಂದನ್ನೂ ಬಿಡದೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಮಗಳ ಸೀರೆಗಳನ್ನು ಹತ್ತಿರ ಎಳೆದುಕೊಂಡು, ನನ್ನನ್ನು ನೋಡಿ ಕೇಳಿದ:

“ಬೆಳಗಾವಿಂದ ಇಲ್ಲಿಗೆ ಬಸ್ಸ ಮೊದಲೂ ಇತ್ತಲ್ರೀ?”